ಮನೆ ಮಗನ ಹೆಸರಿಗೆ ಮಾಡುವ ಮುಂಚೆ

ರಿಟೈರ್ ಆದ ಅಪ್ಪಂದಿರಿಗೆ ಒಂದು ಆತುರ ಇರುತ್ತದೆ. ಕಣ್ಣು ಮುಚ್ಚುವುದರೊಳಗೆ ಎಲ್ಲವನ್ನೂ ಮಕ್ಕಳ ಹೆಸರಿಗೆ ಮಾಡಿ ನಿಶ್ಚಿಂತೆಯಾಗಿ ಇದ್ದುಬಿಡಬೇಕು ಅಂತ. ಮನೆಯವರ ನಡುವಿನ ದಾನಪತ್ರಕ್ಕೆ ಸ್ಟಾಂಪ್ ಡ್ಯೂಟಿಯೂ ಕಡಿಮೆ. ನನ್ನ ಮಾತು ಕೇಳುವುದಾದರೆ, ಆತುರ ಬೇಡ.

ಕಳೆದ ವರ್ಷ ನಮ್ಮ ಬೀದಿಯ ಹಿರಿಯರೊಬ್ಬರು ಸಾಕ್ಷಿ ಹಾಕಲು ಸಬ್ ರಿಜಿಸ್ಟ್ರಾರ್ ಆಫೀಸಿಗೆ ಕರೆದಿದ್ದರು. ಕಾಯುತ್ತಾ ಕೂತಿದ್ದಾಗ ಸುಮ್ನೆ ಕರಡು ಓದಿದೆ. ‘ಪ್ರೀತಿ ವಿಶ್ವಾಸದಿಂದ’ ಅಂತ ಶುರು. ಆಮೇಲೆ ‘ಈ ದಿನವೇ ಸ್ವತ್ತನ್ನು ನಿಮ್ಮ ಸ್ವಾಧೀನಕ್ಕೆ ಬಿಟ್ಟುಕೊಟ್ಟಿರುತ್ತೇನೆ, ಇನ್ನು ಮುಂದೆ ನನಗಾಗಲಿ ನನ್ನ ವಾರಸುದಾರರಿಗಾಗಲಿ ಯಾವುದೇ ಹಕ್ಕು ಇರುವುದಿಲ್ಲ’. ಅಪ್ಪ ಅಮ್ಮ ಎಲ್ಲಿರುತ್ತಾರೆ, ಊಟ ಔಷಧಿ ಯಾರದು, ಒಂದು ಸಾಲೂ ಇಲ್ಲ. ಕೇಳಿದರೆ ಪತ್ರ ಬರಹಗಾರರು “ಫಾರ್ಮ್ಯಾಟೇ ಹಾಗೆ ಸಾರ್” ಅಂದರು. ಹಿರಿಯರು “ಇರೋನು ಒಬ್ಬ ಮಗ, ನಮ್ಮನ್ನ ಬೀದಿಗೆ ಹಾಕ್ತಾನಾ?” ಅಂತ ನಕ್ಕರು. ಮಗ ಪಕ್ಕದಲ್ಲೇ ನಿಂತಿದ್ದ. ಷರತ್ತಿನ ಮಾತು ಎತ್ತಿದ್ದಕ್ಕೆ ಒಂದು ಕ್ಷಣ ಎಲ್ಲರಿಗೂ ಇರುಸುಮುರುಸು. ಕೊನೆಗೆ ಮಗನೇ “ಹಾಕಿಸಿಬಿಡಿ ಅಂಕಲ್, ನನಗೇನು ತೊಂದರೆ” ಅಂದ. ಇಬ್ಬರೂ ಬದುಕಿರುವವರೆಗೆ ಅದೇ ಮನೆಯಲ್ಲಿ ವಾಸ, ಖರ್ಚು ಮಗನದು ಅಂತ ಎರಡು ಸಾಲು ಸೇರಿತು.

ಆ ಎರಡು ಸಾಲಿಗೆ ಬೆಲೆ ಇದೆ. 2007ರ ಹಿರಿಯ ನಾಗರಿಕರ ಕಾಯ್ದೆಯ 23ನೇ ಸೆಕ್ಷನ್ ಪ್ರಕಾರ, ನೋಡಿಕೊಳ್ಳಬೇಕು ಅನ್ನುವ ಷರತ್ತಿನ ಮೇಲೆ 60 ದಾಟಿದವರು ಆಸ್ತಿ ಕೊಟ್ಟಿದ್ದು, ತೆಗೆದುಕೊಂಡವರು ನೋಡಿಕೊಳ್ಳದೆ ಹೋದರೆ, ಪತ್ರವನ್ನೇ ರದ್ದು ಮಾಡಿಸಬಹುದು. ಷರತ್ತೇ ಇಲ್ಲದಿದ್ದರೆ? ಈ ಸೆಕ್ಷನ್ ಸಹಾಯಕ್ಕೆ ಬರುವುದಿಲ್ಲ ಅಂತ 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 2025ರ ಜನವರಿಯಲ್ಲಿ ಮಧ್ಯಪ್ರದೇಶದ ಒಬ್ಬ ತಾಯಿಯ ಕೇಸಿನಲ್ಲಿ ಅದೇ ಕೋರ್ಟ್ ಸ್ವಲ್ಪ ಉದಾರವಾಗಿ ನೋಡಿ, ದಾನಪತ್ರ ರದ್ದು ಮಾಡಿ ಆಸ್ತಿ ವಾಪಸ್ ಕೊಡಿಸಿತು. ಆದರೆ ಆ ತಾಯಿಯ ಕೈಯಲ್ಲಿ, ಕೊನೆಯವರೆಗೆ ನೋಡಿಕೊಳ್ಳುತ್ತೇನೆ ಅಂತ ಮಗ ಬರೆದುಕೊಟ್ಟ ಮುಚ್ಚಳಿಕೆ ಇತ್ತು. ಅಷ್ಟಿದ್ದೂ ಹೈಕೋರ್ಟಿನಲ್ಲಿ ಸೋತು ದೆಹಲಿವರೆಗೆ ಹೋಗಬೇಕಾಯಿತು. ಎಷ್ಟು ಜನರಿಗೆ ಆ ವಯಸ್ಸಿನಲ್ಲಿ ಅದು ಸಾಧ್ಯ?

ಇದೇ ಕಾಯ್ದೆಯಡಿ ಮಕ್ಕಳಿಂದ ತಿಂಗಳ ಜೀವನಾಂಶ ಕೇಳುವ ವಿಷಯ ಬೇರೆ. ಅದಕ್ಕೆ ಆಸ್ತಿ ಕೊಟ್ಟಿರಬೇಕು ಅಂತೇನಿಲ್ಲ. ಎಸಿ (ಉಪವಿಭಾಗಾಧಿಕಾರಿ) ಅವರ ಮುಂದೆ ಒಂದು ಅರ್ಜಿ ಕೊಟ್ಟರಾಯಿತು, ವಕೀಲರನ್ನು ಇಡಲೇಬೇಕು ಅಂತಿಲ್ಲ. ಆದರೆ ತಿಂಗಳಿಗೆ ಹೆಚ್ಚೆಂದರೆ 10,000 ರೂಪಾಯಿ. 2007ರಲ್ಲಿ ಹಾಕಿದ ಮಿತಿ ಅದು. ಇವತ್ತು ಬೆಂಗಳೂರಿನಲ್ಲಿ ಬಾಡಿಗೆ, ಬಿಪಿ ಶುಗರ್ ಮಾತ್ರೆ, ಇದರಲ್ಲಿ ಯಾವುದಕ್ಕೆ ಸಾಲುತ್ತದೆ ಹೇಳಿ.

ಮಗಳಿಗೆ ಮದುವೆಯಾಯಿತು, ಅವಳಿಗೇನೂ ಸಂಬಂಧವಿಲ್ಲ ಅನ್ನುವವರಿಗೂ ಒಂದು ಮಾತು. ಮದುವೆಯಾದ ಮಗಳಿಗೂ ಹೆತ್ತವರನ್ನು ಸಾಕುವ ಹೊಣೆ ಇದೆ ಅಂತ ಸುಪ್ರೀಂ ಕೋರ್ಟ್ 1987ರಲ್ಲೇ ಹೇಳಿದೆ. ಪಾಲು ಕೇಳುವಾಗ ಸಮಾನತೆ, ಆಸ್ಪತ್ರೆ ಬಿಲ್ ಬಂದಾಗ “ಅಣ್ಣ ನೋಡ್ಕೊತಾನೆ” ಅನ್ನುವುದು ನನಗೆ ಒಪ್ಪಿಗೆ ಇಲ್ಲ. ಹಾಗಂತ ಎಲ್ಲ ತಪ್ಪೂ ಮಕ್ಕಳದ್ದೇ ಅಲ್ಲ. ಮಗ ಸೊಸೆಯ ಜಗಳದಲ್ಲಿ ಸೊಸೆಯನ್ನು ಮನೆಯಿಂದ ಹೊರಹಾಕಲು ಇದೇ ಕಾಯ್ದೆ ಹಿಡಿದುಕೊಂಡು ಹೋಗುವ ಅತ್ತೆ ಮಾವಂದಿರೂ ಇದ್ದಾರೆ. ನಮ್ಮ ಬೆಂಗಳೂರಿನ ಅಂಥದ್ದೇ ಒಂದು ಕೇಸಿನಲ್ಲಿ, ಸೊಸೆಯ ವಾಸದ ಹಕ್ಕನ್ನು ಹೀಗೆ ಕಿತ್ತುಕೊಳ್ಳಲಾಗದು ಅಂತ 2020ರಲ್ಲಿ ತೀರ್ಪು ಬಂತು. ಒಳ್ಳೆಯದೇ ಆಯಿತು.

ನನ್ನನ್ನು ಕೇಳಿದರೆ ದಾನಪತ್ರಕ್ಕಿಂತ ವಿಲ್ ಎಷ್ಟೋ ಮೇಲು. ಬದುಕಿರುವವರೆಗೆ ಆಸ್ತಿ ನಿಮ್ಮದೇ. ಮನಸ್ಸು ಬದಲಾದರೆ ಇನ್ನೊಂದು ಬರೆಯಬಹುದು, ಕೊನೆಯದೇ ಲೆಕ್ಕಕ್ಕೆ. ಇಬ್ಬರು ಸಾಕ್ಷಿ ಬೇಕು. ರಿಜಿಸ್ಟರ್ ಕಡ್ಡಾಯ ಅಲ್ಲ, ಆದರೂ ಮಾಡಿಸಿದರೆ ಮುಂದೆ ತಕರಾರು ಕಡಿಮೆ. ದಾನಪತ್ರವೇ ಆಗಬೇಕು ಅಂತಿದ್ದರೆ ಕರಡನ್ನು ಹಿಂದಿನ ದಿನವೇ ಮನೆಗೆ ತರಿಸಿಕೊಂಡು ಅಮ್ಮನಿಗೂ ಓದಿ ಹೇಳಿ. ಮನೆ ಅಪ್ಪನ ಹೆಸರಿನಲ್ಲೇ ಇರಬಹುದು, ಅಪ್ಪ ಹೋದ ಮೇಲೆ ಅಲ್ಲಿ ಉಳಿಯುವವರು ಜಾಸ್ತಿ ಅಮ್ಮಂದಿರೇ.

ಈಗಾಗಲೇ ಬರೆದುಕೊಟ್ಟು ತೊಂದರೆಯಲ್ಲಿರುವವರು ಯಾರಾದರೂ ನಿಮಗೆ ಗೊತ್ತಿದ್ದರೆ, ಹಿರಿಯರ ಸಹಾಯವಾಣಿ 14567. ಅವರ ಫೋನಿನಿಂದ ನೀವೇ ಮಾಡಿಕೊಡಿ, ಎಷ್ಟೋ ಜನಕ್ಕೆ ಮಕ್ಕಳ ಮೇಲೆ ದೂರು ಹೇಳಲು ಬಾಯಿ ಬರುವುದಿಲ್ಲ.