ನಾಲ್ಕನೇ ಹೊತ್ತಿನ ಊಟ ಯಾರ ಲೆಕ್ಕಕ್ಕೆ?

ಇಲ್ಲಿ ಅಮೆರಿಕದಲ್ಲಿ ಬೆಳಿಗ್ಗೆ ಏಳೂವರೆಗೆ ಡೇಕೇರ್‌ಗೆ ಬಿಟ್ಟ ಮಗುವನ್ನು ಸಂಜೆ ಆರಕ್ಕೆ ಕರೆದೊಯ್ಯುವುದು ಮಾಮೂಲು. ಅಷ್ಟು ಹೊತ್ತಿನಲ್ಲಿ ಮಗುವಿಗೆ ನಾಲ್ಕು ಸಲವಾದರೂ ಹಸಿವಾಗುತ್ತದೆ. ಆದರೆ ಡೇಕೇರ್ ಮಕ್ಕಳ ಊಟಕ್ಕೆಂದು ಇಲ್ಲಿನ ಕೇಂದ್ರ ಸರ್ಕಾರ ನಡೆಸುವ ಆಹಾರ ಯೋಜನೆ (ಸಿಎಸಿಎಫ್‌ಪಿ) ದುಡ್ಡು ಕೊಡುವುದು ಎರಡು ಊಟ, ಒಂದು ತಿಂಡಿಗೆ. ಇಲ್ಲವೇ ಒಂದು ಊಟ, ಎರಡು ತಿಂಡಿಗೆ. ಎಂಟು ಗಂಟೆಗೂ ಮಿಕ್ಕಿ ಇರುವ ಮಕ್ಕಳಿಗೆ ಮೊದಲು ಇನ್ನೂ ಒಂದು ಹೊತ್ತಿನದು ಸಿಗುತ್ತಿತ್ತು. 1996ರ ಕಾಯ್ದೆ ಅದನ್ನು ಕಿತ್ತುಹಾಕಿತು. ಅದನ್ನು ಮರಳಿ ಕೊಡಿ ಎಂದು 2023ರಲ್ಲಿ ಸಂಸದರಾದ ಸುಜಾನ್ ಬೊನಮೀಚಿ, ಮಾರ್ಕ್ ಮೊಲಿನಾರೊ ಮಸೂದೆ ತಂದರು. ಆ ಅವಧಿಯ ಕಾಂಗ್ರೆಸ್‌ನಲ್ಲಿ, ಅಂದರೆ ಇಲ್ಲಿನ ಸಂಸತ್ತಿನಲ್ಲಿ, ಅದು ಪಾಸಾಗಲಿಲ್ಲ.

ಈ ಯೋಜನೆಯ ಹೆಚ್ಚುಗಾರಿಕೆ ಇರುವುದು ತಟ್ಟೆಯ ಅಳತೆಯಲ್ಲಿ. ಮೂರರಿಂದ ಐದು ವರ್ಷದ ಮಗುವಿನ ಮಧ್ಯಾಹ್ನದ ಊಟಕ್ಕೆ ಮುಕ್ಕಾಲು ಕಪ್ ಹಾಲು, ಕಾಲು ಕಪ್ ತರಕಾರಿ, ಕಾಲು ಕಪ್ ಹಣ್ಣು, ಕಾಲು ಕಪ್ ಅನ್ನ, ಒಂದೂವರೆ ಔನ್ಸ್ ಮಾಂಸ ಅಥವಾ ಅದರ ಬದಲಿ. ನಮ್ಮವರು ನಡೆಸುವ ಮನೆ-ಡೇಕೇರ್‌ಗಳು ಎಡವುವುದು ಈ ಬದಲಿಯಲ್ಲೇ. ಬೆಂದ ಬೇಳೆ ನಡೆಯುತ್ತದೆ, ಆದರೆ ತಲೆಗೆ 3/8 ಕಪ್, ಅಂದರೆ ಸುಮಾರು 90 ಮಿಲಿ ಗಟ್ಟಿ ಬೇಳೆ ಬೇಕು. ಹತ್ತು ಮಕ್ಕಳಿಗೆ ಬಿಸಿಬೇಳೆಬಾತ್ ಮಾಡಿದರೆ ಬೆಂದ ಬೇಳೆ ಮೂರೂಮುಕ್ಕಾಲು ಕಪ್, ಅನ್ನ ಎರಡೂವರೆ. ಅನ್ನಕ್ಕಿಂತ ಬೇಳೆಯೇ ಜಾಸ್ತಿ! ತಿಳಿಸಾರು ಲೆಕ್ಕಕ್ಕೇ ಬರುವುದಿಲ್ಲ. ಅದೇ ಬೇಳೆಯನ್ನು ತರಕಾರಿ ಎಂದೂ ಎಣಿಸುವಂತಿಲ್ಲ. ಮೊಸರು ಮಾಂಸದ ಬದಲಿಗೆ ಆಗುತ್ತದೆ, ಹಾಲಿನ ಬದಲಿಗಲ್ಲ. ಹೀಗೆ ಒಂದು ಐಟಂ ತಪ್ಪಿದರೂ ಇಡೀ ಊಟದ ದುಡ್ಡು ಖೋತಾ.

ಸರ್ಕಾರ ಊಟಕ್ಕೆ ಕೊಡುವ ದರ ಮಾತ್ರ ಪ್ರತಿ ಜುಲೈ 1ಕ್ಕೆ ಬೆಲೆ ಸೂಚ್ಯಂಕದಂತೆ ಬದಲಾಗುತ್ತದೆ. ಡೇಕೇರ್ ಕೇಂದ್ರಗಳಿಗೆ ಹೋಟೆಲ್ ಊಟದ ಸೂಚ್ಯಂಕ, ಮನೆ-ಡೇಕೇರ್‌ಗೆ ಮನೆ ಅಡುಗೆ ಸಾಮಾನಿನದು. ಅಡುಗೆಯ ದುಡಿಮೆಗೆ ಬೆಲೆ ಕಟ್ಟದ ಈ ತಾರತಮ್ಯವನ್ನೂ 2023ರ ಆ ಮಸೂದೆ ಸರಿಪಡಿಸಹೊರಟಿತ್ತು. ಲಾಭಕ್ಕಾಗಿ ನಡೆಯುವ ಖಾಸಗಿ ಕೇಂದ್ರಗಳು ಕನಿಷ್ಠ 25% ಬಡ ಮಕ್ಕಳಿದ್ದಾರೆಂದು ತಿಂಗಳು ತಿಂಗಳೂ ತೋರಿಸಬೇಕು. ಅದನ್ನು ವರ್ಷಕ್ಕೊಮ್ಮೆ ಮಾಡಿ ಎಂದಿತ್ತು ಮಸೂದೆ. ಇಬ್ಬರು ಬಡ ಮಕ್ಕಳು ಬಿಟ್ಟುಹೋಗಿ ಲೆಕ್ಕ 25%ಕ್ಕಿಂತ ಇಳಿದರೆ ಉಳಿದವರೆಲ್ಲರ ಆ ತಿಂಗಳ ಊಟದ ಹಣ ನಿಲ್ಲುವುದು ಯಾವ ನ್ಯಾಯ?

ನಮ್ಮ ಕಡೆಯ ಅಂಗನವಾಡಿಯಲ್ಲಿ ಈ ಜಂಜಾಟವಿಲ್ಲ. ಮೂರರಿಂದ ಆರು ವರ್ಷದ ಮಗುವಿಗೆ ಊಟ 2013ರ ಆಹಾರ ಭದ್ರತಾ ಕಾಯ್ದೆಯಡಿ ಹಕ್ಕು. ಕಾಯ್ದೆ ಮೊದಲು ಇಟ್ಟ ಅಳತೆ 500 ಕ್ಯಾಲರಿ, 12-15 ಗ್ರಾಂ ಪ್ರೋಟೀನ್; 2023ರಲ್ಲಿ ಆ ಅಳತೆ ಪರಿಷ್ಕರಣೆಯಾಯಿತು. ಊಟ ಕೊಡದಿದ್ದರೆ ಭತ್ಯೆ ಕೊಡಬೇಕು. ಇಲ್ಲಿಯ ಕಾನೂನಿನಲ್ಲಿ ಅಂಥ ಮಾತಿಲ್ಲ: ಡೇಕೇರ್ ಯೋಜನೆಗೆ ಸೇರದಿದ್ದರೆ ಮಗು ಕೇಳುವಂತಿಲ್ಲ.

ಆದರೆ ಅಂಗನವಾಡಿಗೆ 2017ರಲ್ಲಿ ನಿಗದಿಯಾದ ತಲೆಗೆ ದಿನಕ್ಕೆ ಎಂಟು ರೂಪಾಯಿ ಬೇಳೆಯ ಬೆಲೆಯ ಜೊತೆ ತಾನಾಗಿ ಏರುವುದಿಲ್ಲ. ಸುಮಾರು 140 ಗ್ರಾಂ ಅಕ್ಕಿ ಬೇಯಿಸಿದರೆ 500 ಕ್ಯಾಲರಿ ಮುಗಿಯಿತು, ಪ್ರೋಟೀನ್ ಹತ್ತು ಗ್ರಾಂ ಆಸುಪಾಸಿನಲ್ಲೇ ನಿಲ್ಲುತ್ತದೆ. ಬಾಕಿಯನ್ನು ಬೇಳೆ, ಮೊಟ್ಟೆ, ಕ್ಷೀರಭಾಗ್ಯದ ಹಾಲು ತುಂಬಬೇಕು. ಬೆಲೆ ಏರಿದಾಗ ಮೊದಲು ನೀರಾಗುವುದೂ ಸಾಂಬಾರೇ. ಜುಲೈ 1ರ ಪದ್ಧತಿಯನ್ನು ನಾವು ಎರವಲು ತರಬೇಕಾದ್ದು ಅಂಗನವಾಡಿಗೆ. ಅಮೆರಿಕದವರಿಗೆ ಕೊಡಬೇಕಾದ್ದು ಭತ್ಯೆಯ ಕಲಮು.