ವಿದೇಶಿ ಮರವೆಂದು ಕಡಿಯಬೇಡಿ: ಒಂದು ಸ್ಪಷ್ಟನೆ

ಮುಂಗಾರುಪೂರ್ವ ಮಳೆಗೆ ಬೆಂಗಳೂರಿನಲ್ಲಿ ಮರ ಉರುಳಿದಾಗಲೆಲ್ಲ ವಾಟ್ಸ್‌ಆ್ಯಪ್‌ನಲ್ಲಿ ಒಂದು ಸಂದೇಶ ಓಡಾಡುತ್ತದೆ: "ಗುಲ್‌ಮೊಹರ್, ರೈನ್ ಟ್ರೀ ವಿದೇಶಿ ಮರಗಳು, ಬೇರುಗಳೇ ಇಲ್ಲ, ಎಲ್ಲವನ್ನೂ ಕಡಿದು ಸಸಿ ನೆಡಿ."

ಇದು ಅರ್ಧಸತ್ಯ. ಗುಲ್‌ಮೊಹರ್ ಮಡಗಾಸ್ಕರ್‌ನದು, ರೈನ್ ಟ್ರೀ ಅಮೆರಿಕ ಖಂಡದ್ದು, ನಿಜ. ಗುಲ್‌ಮೊಹರ್‌ನ ಕೊಂಬೆ ಸುಲಭವಾಗಿ ಮುರಿಯುತ್ತದೆ, ಅದೂ ನಿಜ. ಆದರೆ ಬೇರು ಕಡಿದವರು ನಾವೇ. ಚರಂಡಿಗೆಂದು, ಕೇಬಲ್‌ಗೆಂದು ಜೆಸಿಬಿ ಅಗೆದ ಕಡೆ ನೋಡಿ: ರಸ್ತೆಯ ಬದಿಯ ದಪ್ಪ ಬೇರುಗಳು ಸೀಳಿಹೋಗಿರುತ್ತವೆ, ಮೇಲೆ ಕಾಂಡಕ್ಕೆ ತಾಗುವಂತೆ ಕಾಂಕ್ರೀಟ್. ವಿದ್ಯುತ್ ತಂತಿಗಾಗಿ ಒಂದೇ ಬದಿ ಕೊಂಬೆ ಕತ್ತರಿಸಿದರೆ ಭಾರವೆಲ್ಲ ಇನ್ನೊಂದು ಬದಿಗೆ. ಹೀಗಾದರೆ ನಮ್ಮ ಹೊಂಗೆಯೂ ಬೀಳುತ್ತದೆ.

ಬುಡದ ಸುತ್ತ ಒಂದು ಮೀಟರ್ ಕಾಂಕ್ರೀಟ್ ತೆಗೆಯಬೇಕೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2013ರಲ್ಲೇ ದೆಹಲಿಗೆ ಆದೇಶಿಸಿತ್ತು. ನಮ್ಮ ಬೀದಿಗಳಿಗೂ ಮೊದಲು ಬೇಕಿರುವುದು ಅದೇ.

ಇನ್ನು ಸಸಿಯ ಮಾತು. ನೆಡಲೇಬೇಕು, ಆದರೆ ಹರಡಿದ ರೈನ್ ಟ್ರೀ ಒಂದು ಕೊಡುವ ನೆರಳನ್ನು ಕೊಡಲು ಸಸಿಗೆ ದಶಕಗಳೇ ಬೇಕು. ಬೇಸಿಗೆಯ ಬಿಸಿಲು ಅಲ್ಲಿಯತನಕ ಕಾಯುವುದಿಲ್ಲ.

ಬುಡದಲ್ಲಿ ಅಣಬೆ, ಬಿರಿದೆದ್ದ ಮಣ್ಣು, ಹೊಸದಾಗಿ ವಾಲಿದ ಕಾಂಡ ಕಂಡರೆ ವೃಕ್ಷಾಧಿಕಾರಿಗೆ ತಿಳಿಸಿ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಡಿ ಮರ ಕಡಿಯಲು ಅನುಮತಿ ಕೊಡಬೇಕಾದವರು ಅವರೇ.