ಸ್ಟಿಕ್ಕರ್ ಗಮ್ ಬಿಡಿಸಲು ಎಣ್ಣೆ ಸಾಕು, ಥಿನ್ನರ್ ಬೇಡ

ಗಾಜಿನ ಬಾಟಲಿಯ ಲೇಬಲ್ ಕೀಳಲು ಹೋದರೆ ಅರ್ಧ ಕಾಗದ ಕೈಗೆ ಬರುತ್ತದೆ, ಇನ್ನರ್ಧ ಅಲ್ಲೇ ಕೂರುತ್ತದೆ. ಅದನ್ನೂ ಉಜ್ಜಿ ತೆಗೆದರೆ ಅಂಟು ಮಾತ್ರ ಉಳಿದು, ಧೂಳು ಹಿಡಿದು ಕಪ್ಪಾಗುತ್ತದೆ. ಆಗ ಕೆಲವರು ಸ್ಟೀಲ್ ಸ್ಕ್ರಬ್ಬರ್ ಹಿಡಿದು ತಿಕ್ಕುತ್ತಾರೆ, ಕೆಲವರು ಥಿನ್ನರ್, ಪೆಟ್ರೋಲ್, ನೇಲ್ ಪಾಲಿಶ್ ರಿಮೂವರ್ ಹುಡುಕುತ್ತಾರೆ. ಮನೆಯೊಳಗಿನ ಈ ಕೆಲಸಕ್ಕೆ ಇವು ಯಾವುವೂ ಬೇಡ ಎನ್ನುವುದು ನನ್ನ ಖಚಿತ ಅಭಿಪ್ರಾಯ. ಪೆಟ್ರೋಲ್ ಅಂತೂ ಬೇಡವೇ ಬೇಡ, ಅದರ ಆವಿಗೆ ಕಿಡಿ ತಾಗಿದರೆ ಮುಗಿಯಿತು. ರಿಮೂವರ್‌ಗಳಲ್ಲಿರುವ ಅಸಿಟೋನ್ ಕೂಡ ಬೇಗ ಹೊತ್ತಿಕೊಳ್ಳುತ್ತದೆ, ಜೊತೆಗೆ ಎಷ್ಟೋ ಬಗೆಯ ಪ್ಲಾಸ್ಟಿಕ್ಕನ್ನು ಮಂಕಾಗಿಸಿ ಕರಗಿಸಿಬಿಡುತ್ತದೆ. ಅಂಟಿನ ಜೊತೆ ಡಬ್ಬಿಯೂ ಹಾಳು.

ಸ್ಟಿಕ್ಕರ್ ಅಂಟಿನ ಸ್ವಭಾವ ತಿಳಿದುಕೊಂಡರೆ ಅರ್ಧ ಕೆಲಸ ಆದಂತೆ. ನಾವು ಕಾಗದಕ್ಕೆ ಹಚ್ಚುವ ಗೋಂದು ಒಣಗಿ ಗಟ್ಟಿಯಾಗುತ್ತದೆ. ಸ್ಟಿಕ್ಕರ್ ಅಂಟು ಹಾಗಲ್ಲ, ಅದು ಮೆತ್ತಗೇ ಇರುವಂತೆ ಮಾಡಿದ ರಬ್ಬರ್ ಅಥವಾ ಅಕ್ರಿಲಿಕ್ ಪದಾರ್ಥ. ಎಷ್ಟೋ ಅಂಟುಗಳಿಗೆ ಜಿಗುಟು ಹೆಚ್ಚಲೆಂದು ರಾಳವನ್ನೂ ಸೇರಿಸಿರುತ್ತಾರೆ. ಒತ್ತಿದರೆ ಸಾಕು, ಹಿಡಿದುಕೊಳ್ಳುತ್ತದೆ. 1930ರಲ್ಲಿ ರಿಚರ್ಡ್ ಡ್ರೂ ರೂಪಿಸಿದ ಪಾರದರ್ಶಕ ಟೇಪು, 1935ರಲ್ಲಿ ಸ್ಟ್ಯಾಂಟನ್ ಏವರಿ ತಂದ ತಾನಾಗಿ ಅಂಟುವ ಲೇಬಲ್ಲು ಎಲ್ಲವೂ ಇದೇ ಗುಣದ ಮೇಲೆ ನಿಂತವು. ಇಂಥ ಅಂಟಿನೊಳಗೆ ನೀರು ಸುಲಭಕ್ಕೆ ಇಳಿಯುವುದಿಲ್ಲ. ಎಣ್ಣೆ ಇಳಿಯುತ್ತದೆ. ಇಳಿದು ಅಂಟನ್ನು ಉಬ್ಬಿಸುತ್ತದೆ, ಸಡಿಲಿಸುತ್ತದೆ, ಮೇಲ್ಮೈ ಮೇಲಿನ ಹಿಡಿತ ತಪ್ಪಿಸುತ್ತದೆ. ಆದರೆ ಅದಕ್ಕೆ ಹೊತ್ತು ಬೇಕು. ಹಚ್ಚಿದ ತಕ್ಷಣ ತಿಕ್ಕಿ, "ಎಣ್ಣೆಯಿಂದ ಏನೂ ಆಗಲ್ಲ" ಎನ್ನುವವರು ಆ ಹೊತ್ತನ್ನು ಕೊಟ್ಟಿರುವುದಿಲ್ಲ.

ನಾನು ಮಾಡುವ ಮಿಶ್ರಣ ತುಂಬ ಸರಳ. ಎರಡು ಚಮಚ ಕೊಬ್ಬರಿ ಎಣ್ಣೆ, ಎರಡು ಚಮಚ ಅಡುಗೆ ಸೋಡಾ, ಕಲಸಿದರೆ ಮೆತ್ತನೆಯ ಪೇಸ್ಟ್. ಕೊಬ್ಬರಿ ಎಣ್ಣೆಯೇ ಆಗಬೇಕೆಂದಿಲ್ಲ, ಅಡುಗೆಗೆ ಬಳಸುವ ಯಾವ ಎಣ್ಣೆಯಾದರೂ ನಡೆಯುತ್ತದೆ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಹೆಪ್ಪುಗಟ್ಟುವುದರಿಂದ ಚಳಿಯಲ್ಲಿ ಸ್ವಲ್ಪ ಬೆಚ್ಚಗೆ ಮಾಡಿಕೊಳ್ಳಿ. ಇಲ್ಲಿ ಕರಗಿಸುವ ಕೆಲಸ ಎಣ್ಣೆಯದು. ಸೋಡಾ ಸಡಿಲವಾದ ಅಂಟನ್ನು ಉಜ್ಜಿ ಎತ್ತುವ ನುಣ್ಣನೆಯ ಪುಡಿ, ಅಷ್ಟೇ. ಅದು ಗಾಜಿಗಿಂತ ಮೆದು, ಆದ್ದರಿಂದ ಗಾಜಿಗೆ ಗೆರೆ ಬೀಳುವುದಿಲ್ಲ.

ಹಚ್ಚುವ ಮೊದಲು ಮೇಲಿನ ಪದರ ಹೋಗಲೇಬೇಕು. ಪ್ಲಾಸ್ಟಿಕ್ ಹೊದಿಕೆಯ ಲೇಬಲ್ ಮೇಲೆ ಎಷ್ಟು ಎಣ್ಣೆ ಸುರಿದರೂ ಕೆಳಗಿನ ಅಂಟಿಗೆ ಮುಟ್ಟುವುದಿಲ್ಲ. ಹೇರ್ ಡ್ರೈಯರ್‌ನಿಂದ ಬಿಸಿ ಗಾಳಿ ಬಿಟ್ಟು, ಒಂದು ಮೂಲೆ ಎಬ್ಬಿಸಿ, ನಿಧಾನವಾಗಿ ಎಳೆಯಿರಿ. ಎಷ್ಟೋ ಸಲ ಅಂಟೂ ಜೊತೆಗೇ ಬಂದುಬಿಡುತ್ತದೆ. ಬರಿಯ ಕಾಗದದ ಲೇಬಲ್ ಆದರೆ ಮೊದಲು ಬೆಚ್ಚನೆಯ ನೀರಿನಲ್ಲಿ ನೆನೆಹಾಕಿ ನೋಡಿ, ಕೆಲವು ಬಾಟಲಿಗಳಿಗೆ ನೀರಿಗೇ ಬಿಡುವ ಅಂಟು ಹಚ್ಚಿರುತ್ತಾರೆ. ಬಿಡದಿದ್ದರೆ ಚೆನ್ನಾಗಿ ಒರೆಸಿ ಒಣಗಿಸಿ ಪೇಸ್ಟ್ ಬಳಿಯಿರಿ. 20–30 ನಿಮಿಷ ಹಾಗೇ ಬಿಟ್ಟು ಹತ್ತಿ ಬಟ್ಟೆಯಿಂದ ಉಜ್ಜಿದರೆ ಅಂಟು ಉಂಡೆಯುಂಡೆಯಾಗಿ ಬರುತ್ತದೆ. ಹಳೆಯ ಅಂಟಾದರೆ ಬರಿಯ ಎಣ್ಣೆ ಹಚ್ಚಿ ರಾತ್ರಿಯಿಡೀ ಬಿಡಿ. ಕೊನೆಗೆ ಪಾತ್ರೆ ಸೋಪು, ಬಿಸಿ ನೀರು. ಇದನ್ನು ಬಿಡಬೇಡಿ, ಉಳಿದ ಜಿಡ್ಡಿಗೆ ಮತ್ತೆ ಧೂಳು ಕೂರುತ್ತದೆ.

ಈಗ ನನಗೆ ನಿಜಕ್ಕೂ ಬೇಸರ ತರುವ ಒಂದು ಸಲಹೆಯ ಬಗ್ಗೆ. ವಿನೆಗರ್‌ಗೆ ಅಡುಗೆ ಸೋಡಾ ಹಾಕಿ, ನೊರೆ ಉಕ್ಕಿಸಿ, ಅಂಟಿನ ಮೇಲೆ ಸುರಿಯಿರಿ ಎನ್ನುತ್ತಾರೆ. ನೋಡಲು ಏನೋ ನಡೆಯುತ್ತಿದೆ ಅನಿಸುತ್ತದೆ. ನಡೆಯುವುದು ಇಷ್ಟೇ: ಆಮ್ಲವೂ ಕ್ಷಾರವೂ ಒಂದನ್ನೊಂದು ಮುಗಿಸಿಕೊಂಡು ಕಾರ್ಬನ್ ಡೈಆಕ್ಸೈಡ್ ಹಾರಿಹೋಗುತ್ತದೆ, ಉಳಿಯುವುದು ಸೋಡಿಯಂ ಅಸಿಟೇಟ್ ಬೆರೆತ ನೀರು. ರಬ್ಬರ್ ಅಂಟಿಗೂ ಅದಕ್ಕೂ ಸಂಬಂಧವಿಲ್ಲ. ಎರಡು ಒಳ್ಳೆಯ ವಸ್ತುಗಳನ್ನು ವ್ಯರ್ಥ ಮಾಡುವ ಇಂಥ ಸಲಹೆಯಿಂದಲೇ ಜನ ಮನೆಮದ್ದಿನ ಮೇಲೆ ನಂಬಿಕೆ ಕಳೆದುಕೊಂಡು ಥಿನ್ನರ್ ಕಡೆ ಹೋಗುತ್ತಾರೆ.

ನೈಸರ್ಗಿಕ ಎಂದ ಮಾತ್ರಕ್ಕೆ ನಿರಪಾಯ ಎಂದುಕೊಳ್ಳುವುದೂ ಸರಿಯಲ್ಲ. ಕಿತ್ತಳೆ ಸಿಪ್ಪೆಯ ಎಣ್ಣೆ ಅಂಟು ಬಿಡಿಸುವುದರಲ್ಲಿ ಅಡುಗೆ ಎಣ್ಣೆಗಿಂತ ಜೋರು. ಅದರಲ್ಲಿ ಶೇ. 90ಕ್ಕೂ ಹೆಚ್ಚು ಇರುವುದು ಲಿಮೊನೀನ್, ಅಂಗಡಿಯ ಎಷ್ಟೋ ಗಮ್ ರಿಮೂವರ್‌ಗಳಲ್ಲೂ ಅದೇ ಇದೆ. ಆದರೆ ಅದು ಥರ್ಮೋಕೋಲನ್ನು ಕರಗಿಸುತ್ತದೆ, ಬೆಂಕಿಗೆ ಹೊತ್ತಿಕೊಳ್ಳುತ್ತದೆ, ಗಾಳಿಗೆ ತೆರೆದಿಟ್ಟು ಹಳತಾದರೆ ಕೆಲವರ ಚರ್ಮಕ್ಕೆ ಅಲರ್ಜಿ ತರುತ್ತದೆ. ಬಳಸುವುದಾದರೆ ನಾಲ್ಕೇ ಹನಿ, ಒಲೆಯಿಂದ ದೂರ, ಕೈಗವಸು ಹಾಕಿಕೊಂಡು.

ಎಲ್ಲ ಕಡೆಗೂ ಈ ಪೇಸ್ಟ್ ಹೊಂದುವುದಿಲ್ಲ. ನಾನ್‌ಸ್ಟಿಕ್ ಬಾಣಲೆ, ಕನ್ನಡಕ, ಫೋನ್ ಸ್ಕ್ರೀನ್, ಹೊಳಪಿನ ಪ್ಲಾಸ್ಟಿಕ್ ಇವಕ್ಕೆ ಸೋಡಾ ತಾಗಿಸಬೇಡಿ. ಪಾಲಿಶ್ ಇಲ್ಲದ ಮರ, ಗೋಡೆಯ ಬಣ್ಣ, ಪುಸ್ತಕದ ರಟ್ಟು ಎಣ್ಣೆ ಹೀರಿಕೊಂಡರೆ ಅಂಟಿಗಿಂತ ಕೆಟ್ಟ ಕಲೆ. ಬಟ್ಟೆಗೆ ಮೆತ್ತಿದ್ದರೆ ಮಂಜುಗಡ್ಡೆ ಒತ್ತಿ ಅಂಟನ್ನು ಗಡುಸಾಗಿಸಿ ಕೆರೆದು ತೆಗೆಯಿರಿ.

ಇಷ್ಟೆಲ್ಲ ಕಷ್ಟ ಬಳಸುವವರ ತಲೆಗೆ ಯಾಕೆ ಎನ್ನುವ ಪ್ರಶ್ನೆ ಮಾತ್ರ ನನ್ನನ್ನು ಬಿಡುವುದಿಲ್ಲ. ಕಾರ್ಖಾನೆಗೆ ವಾಪಸ್ ಹೋಗಿ ಮತ್ತೆ ತುಂಬಿಸಿಕೊಳ್ಳುವ ಗಾಜಿನ ಬಾಟಲಿಗಳಿಗೆ ತೊಳೆದಾಗ ಬಿಡುವ ಅಂಟು ಹಾಕುವ ರೂಢಿ ಇದೆ, ಯಾಕೆಂದರೆ ಅಲ್ಲಿ ತೊಳೆಯುವುದು ಕಂಪನಿಯ ಕೆಲಸ. ಮನೆಗೆ ಬರುವ ಬಾಟಲಿ, ಡಬ್ಬಿ, ತಟ್ಟೆಗಳಿಗೂ ಅಂಥ ಅಂಟನ್ನೇ ಹಾಕಲಿ. ಉಣ್ಣುವ ತಟ್ಟೆಯ ನಟ್ಟನಡುವೆ ಬೆಲೆಯ ಚೀಟಿ ಅಂಟಿಸುವುದನ್ನಂತೂ ಇವತ್ತೇ ನಿಲ್ಲಿಸಬಹುದು.